ಬಿಡುವಾಗ ಮಾತ್ರ ನೌಕರ: ಕಾರ್ಮಿಕ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಕಾರ್ಮಿಕ ಸಚಿವರಿಗೆ,

ನಮಸ್ಕಾರ.

ನಾನು ಒಂಬತ್ತು ವರ್ಷ ಬೆಂಗಳೂರಿನಲ್ಲಿ ಎಚ್‌ಆರ್ ಕೆಲಸ ಮಾಡಿದವಳು, ಅಂದರೆ ಕಂಪನಿಗೆ ಜನರನ್ನು ಸೇರಿಸಿಕೊಳ್ಳುವ, ಬಿಟ್ಟವರ ಲೆಕ್ಕ ಮುಗಿಸುವ ಕೆಲಸ. ದೊಡ್ಡ ಕಂಪನಿಗಳಲ್ಲಲ್ಲ. ಎಚ್‌ಎಸ್‌ಆರ್ ಲೇಔಟ್, ಕೋರಮಂಗಲದ ಕಡೆ ಮೂರು ಮಹಡಿಯ ಮನೆಯನ್ನೇ ಆಫೀಸು ಮಾಡಿಕೊಂಡಿರುತ್ತಾರಲ್ಲ, ಕೆಳಗೆ ಸ್ಕೂಟರ್‌ಗಳ ಸಾಲು, ಮೇಲೆ ಅರವತ್ತು ಎಪ್ಪತ್ತು ಜನ, ಅಂಥ ಕಡೆ. ಈಗ ಆ ಕೆಲಸದಲ್ಲಿಲ್ಲ. ಅದಕ್ಕೇ ಬರೆಯುವ ಧೈರ್ಯ ಬಂದಿದೆ ಅಂತ ಯಾರಾದರೂ ಅಂದರೆ ಒಪ್ಪಿಕೊಳ್ಳುತ್ತೇನೆ.

ಇನ್ನೊಂದನ್ನೂ ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಈ ಪತ್ರದಲ್ಲಿ ಯಾವ ಕೆಲಸವನ್ನು ದೂರುತ್ತಿದ್ದೇನೋ ಅದನ್ನು ನಾನೂ ಮಾಡಿದ್ದೇನೆ. ಕೆಲಸ ಕಲಿಯಲು ಬಂದು ಮಧ್ಯದಲ್ಲೇ ಬಿಟ್ಟು ಹೋದ ವಿದ್ಯಾರ್ಥಿಗಳಿಗೆ, ಅಂದರೆ ಇಂಟರ್ನ್‌ಗಳಿಗೆ ಹೆದರಿಸುವ ಪತ್ರ ಕಳಿಸುವುದು ನನ್ನ ಪಾಲಿನ ಕೆಲಸವಾಗಿತ್ತು. ಕಂಪ್ಯೂಟರಿನಲ್ಲಿ ಒಂದು ಫೈಲು ಇತ್ತು. ಹೆಸರು, ಸೇರಿದ ದಿನ, ಬಿಟ್ಟ ದಿನ, ಮೊತ್ತ. ಈ ನಾಲ್ಕನ್ನು ಬದಲಾಯಿಸಿದರೆ ಐದು ನಿಮಿಷದಲ್ಲಿ ಪತ್ರ ತಯಾರು. 'ಏಳು ದಿನದೊಳಗೆ ಹಣ ಕಟ್ಟದಿದ್ದರೆ ಸಿವಿಲ್ ಮತ್ತು ಕ್ರಿಮಿನಲ್ ಕ್ರಮ' ಅನ್ನುವ ಸಾಲನ್ನು ಯಾರೂ ಮುಟ್ಟುತ್ತಿರಲಿಲ್ಲ. ಆ ಪತ್ರ ಯಾವ ಊರಿಗೆ ಹೋಗುತ್ತದೆ, ಅಲ್ಲಿ ಯಾರು ಸಹಿ ಹಾಕಿ ತೆಗೆದುಕೊಳ್ಳುತ್ತಾರೆ ಅಂತ ಒಂದು ದಿನವೂ ಯೋಚಿಸಿರಲಿಲ್ಲ.

ಕಳೆದ ವರ್ಷ ಅಂಥದ್ದೇ ಒಂದು ಪತ್ರ ನಮ್ಮಕ್ಕನ ಮನೆಗೆ ಬಂತು.

ಅಕ್ಕನ ಮನೆ ತಿಪಟೂರಿನಿಂದ ಸ್ವಲ್ಪ ಒಳಗೆ. ತೆಂಗಿನ ತೋಟ. ಮಧ್ಯಾಹ್ನ ಎರಡು ಗಂಟೆಗೆ ಭಾವ ಫೋನ್ ಮಾಡಿದರು. ಅವರು ಆ ಹೊತ್ತಿನಲ್ಲಿ ಮಾಡುವವರೇ ಅಲ್ಲ. "ಕೋರ್ಟಿಂದ ಕಾಗದ ಬಂದೈತೆ ಕಣಮ್ಮ. ಹುಡುಗ ಬೆಂಗ್ಳೂರಲ್ಲಿ ಏನ್ ಮಾಡ್ಕೊಂಡವ್ನೋ, ಕೇಳಿದ್ರೆ ಬಾಯೇ ಬಿಡ್ತಿಲ್ಲ" ಅಂದರು. ಫೋಟೊ ತೆಗೆದು ವಾಟ್ಸಾಪ್‌ಗೆ ಹಾಕಿ ಅಂದೆ. ನೋಡಿದರೆ ಕೋರ್ಟಿನದ್ದಲ್ಲ, ವಕೀಲರ ನೋಟಿಸು. ಮೇಲೆ ತಕ್ಕಡಿಯ ಚಿತ್ರ ಇತ್ತು, ಅಷ್ಟೇ. ಎರಡು ಪುಟದ ಇಂಗ್ಲಿಷಿನಲ್ಲಿ ಭಾವನಿಗೆ ಅರ್ಥವಾಗಿದ್ದು ಮೂರೇ: ಮಗನ ಹೆಸರು, ಆ ತಕ್ಕಡಿ, ಆಮೇಲೆ 1,50,000 ಅನ್ನುವ ಅಂಕಿ.

"ಅಟ್ಟದ ಮೇಲಿನ ಕಾಯಿ ಇನ್ನೂ ಕೊಬ್ಬರಿ ಆಗಿಲ್ಲ. ಹಂಗೇ ಕಾಯಿ ಲೆಕ್ಕದಲ್ಲಿ ಕೊಟ್ಬುಡ್ಲಾ?" ಅಂತ ಕೇಳಿದರು.

ತಿಪಟೂರಿನ ಕಡೆಯವರಿಗೆ ಈ ಮಾತಿನ ಭಾರ ಗೊತ್ತಾಗುತ್ತದೆ. ಉಂಡೆ ಕೊಬ್ಬರಿ ಆಗಬೇಕಾದರೆ ಕಾಯಿ ಸಿಪ್ಪೆ ಸಮೇತ ಹೆಚ್ಚುಕಡಿಮೆ ಒಂದು ವರ್ಷ ಅಟ್ಟದ ಮೇಲೆ ಇರಬೇಕು. ಮಧ್ಯದಲ್ಲಿ ಇಳಿಸಿದರೆ ವರ್ಷದ ದುಡಿಮೆ ಅರ್ಧಕ್ಕೆ ಹೋದಂತೆ. ನಾನು ಬೇಡ, ಒಂದು ಕಾಯಿನೂ ಇಳಿಸಬೇಡಿ ಅಂದೆ. ನೋಟಿಸು ಎಲ್ಲಿಟ್ಟಿದ್ದೀರಿ ಅಂದರೆ, ಬ್ಯಾಂಕಿನ ಪಾಸ್‌ಬುಕ್ ಇಡುವ ಪ್ಲಾಸ್ಟಿಕ್ ಕವರಿನಲ್ಲಿ ಅಂದರು. ಸಾಲದ ಪತ್ರಗಳನ್ನೂ ಅದರಲ್ಲೇ ಇಡುವುದು.

ಹುಡುಗ ಏನೂ ಮಾಡಿರಲಿಲ್ಲ. ಎಂಜಿನಿಯರಿಂಗಿನ ಕೊನೆಯ ಸೆಮಿಸ್ಟರ್. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) 2022ರ ಪಠ್ಯಕ್ರಮದಲ್ಲಿ ಇಂಟರ್ನ್‌ಶಿಪ್ ಮಾಡಲೇಬೇಕು, 14ರಿಂದ 20 ವಾರ. ಮಾಡದಿದ್ದರೆ ಕ್ರೆಡಿಟ್ ಇಲ್ಲ, ಕ್ರೆಡಿಟ್ ಇಲ್ಲದಿದ್ದರೆ ಡಿಗ್ರಿ ಇಲ್ಲ. ಇದೊಂದು ಮಾತನ್ನು ನೀವು ಮನಸ್ಸಿನಲ್ಲಿಟ್ಟುಕೊಂಡು ಮುಂದೆ ಓದಬೇಕು. ಇವರು ಹೊಟ್ಟೆಪಾಡಿಗೆ ಕೆಲಸ ಹುಡುಕಿಕೊಂಡು ಬಂದವರಷ್ಟೇ ಅಲ್ಲ. ಪರೀಕ್ಷೆ ಬರೆಯಲು ಬಂದವರು. ಹಾಲ್ ಟಿಕೆಟ್ ಕಂಪನಿಯ ಕೈಯಲ್ಲಿದೆ.

ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿ ತೆಗೆದುಕೊಂಡಿತು. ಹೆಸರು ಹೇಳುವುದಿಲ್ಲ, ಹೇಳುವ ಅಗತ್ಯವೂ ಇಲ್ಲ. ಅಂಥ ಕಂಪನಿಗಳನ್ನು ನಾನು ಒಳಗಿನಿಂದ ನೋಡಿದ್ದೇನೆ. ಸ್ಟೈಪೆಂಡ್ ತಿಂಗಳಿಗೆ 12,000. ಅದರಲ್ಲಿ 1,200 ಟಿಡಿಎಸ್ (ಮೊದಲೇ ಕಡಿತ ಮಾಡುವ ಆದಾಯ ತೆರಿಗೆ) ಹಿಡಿದು 10,800 ಕೊಡುತ್ತಿದ್ದರು. ಬಿಟಿಎಂನಲ್ಲಿ ಮೂವರ ಜೊತೆ ಪಿಜಿಗೆ 9,500. ಉಳಿದ 1,300ರಲ್ಲಿ ಬಸ್ಸು, ಮೊಬೈಲು, ಭಾನುವಾರ ರಾತ್ರಿ ಪಿಜಿಯಲ್ಲಿ ಅಡುಗೆ ಇರಲ್ಲವಲ್ಲ, ಆ ಊಟ. ಅಂದರೆ ಊರಿಂದ ದುಡ್ಡು ತರಿಸಿಕೊಂಡೇ ಕೆಲಸ ಮಾಡುತ್ತಿದ್ದ.

ಸೇರಿದ ದಿನ ನೂರು ರೂಪಾಯಿಯ ಛಾಪಾ ಕಾಗದದ ಮೇಲೆ ಬಾಂಡ್. ಆರು ತಿಂಗಳು ಇಂಟರ್ನ್‌ಶಿಪ್, ಆಮೇಲೆ ಎರಡು ವರ್ಷ ಕೆಲಸ. ಮಧ್ಯದಲ್ಲಿ ಬಿಟ್ಟರೆ ಒಂದೂವರೆ ಲಕ್ಷ. ಬಿಡುವುದಾದರೆ 60 ದಿನ ಮೊದಲು ಹೇಳಬೇಕು. ಕಂಪನಿ ತೆಗೆಯುವುದಾದರೆ? ಒಂದು ದಿನ ಸಾಕು. ಇಷ್ಟರ ಜೊತೆಗೆ ಹತ್ತನೇ ಕ್ಲಾಸಿನ ಅಸಲು ಮಾರ್ಕ್ಸ್ ಕಾರ್ಡು, ಅಪ್ಪನ ಸಹಿ ಇರುವ ಒಂದು ಖಾಲಿ ಚೆಕ್ಕು.

ಹನ್ನೊಂದನೇ ವಾರ ಬಿಟ್ಟ. ಪೈಥಾನ್ ಕಲಿಸುತ್ತೇವೆ ಅಂದವರು ಎರಡು ವಾರ ಯೂಟ್ಯೂಬ್ ನೋಡಿಸಿದರು. ಆಮೇಲೆ ಎಕ್ಸೆಲ್ ಶೀಟು ಕೊಟ್ಟು ನಂಬರುಗಳಿಗೆ ಫೋನ್ ಮಾಡಿಸಿದರು. 'ಸರ್, ನಮ್ಮ ಪ್ರಾಡಕ್ಟ್ ಡೆಮೊ ನೋಡ್ತೀರಾ' ಅಂತ ದಿನಕ್ಕೆ ಎಂಬತ್ತು ಕಾಲ್. ಎಂಬತ್ತಾಗದಿದ್ದರೆ ರಾತ್ರಿ ಒಂಬತ್ತಾದರೂ ಎದ್ದು ಹೋಗುವಂತಿಲ್ಲ. "ಚಿಕ್ಕಮ್ಮ, ನಾನು ಕಾಲೇಜಲ್ಲಿ ಒಂದು ಪ್ರಾಜೆಕ್ಟ್ ತೋರಿಸ್ಬೇಕು. ಏನಂತ ತೋರಿಸ್ಲಿ, ಕಾಲ್ ಲಾಗಾ?" ಅಂದ.

ರಾಜೀನಾಮೆ ಮೇಲ್ ಕಳಿಸಿದ ಇಪ್ಪತ್ತು ನಿಮಿಷಕ್ಕೆ ಅವನ ಮೇಲ್ ಐಡಿ ಬಂದ್. ಟೀಮಿನ ವಾಟ್ಸಾಪ್ ಗ್ರೂಪಿನಿಂದ ತೆಗೆದರು. ಮರುದಿನ ಫೋನು. ಅಬ್ಸ್ಕಾಂಡಿಂಗ್, ಅಂದರೆ ತಲೆಮರೆಸಿಕೊಂಡವನು ಅಂತ ಹಾಕ್ತೀವಿ, ಮುಂದೆ ಯಾವ ಕಂಪನಿಯಲ್ಲೂ ಬ್ಯಾಕ್‌ಗ್ರೌಂಡ್ ಚೆಕ್ ಪಾಸಾಗಲ್ಲ, ನಿಮ್ಮ ತಂದೆಯ ಸಿಬಿಲ್ ಸ್ಕೋರ್ (ಬ್ಯಾಂಕು ಸಾಲ ಕೊಡುವಾಗ ನೋಡುವ ಅಂಕ) ಬೀಳುತ್ತೆ. ಮೂರನೇ ವಾರದಲ್ಲಿ ಊರಿಗೆ ನೋಟಿಸು.

ರಾಜೀನಾಮೆ ಬರೆದು, ಲ್ಯಾಪ್‌ಟಾಪ್ ಒಪ್ಪಿಸಿ, ರಸೀದಿ ತೆಗೆದುಕೊಂಡು ಬಂದ ಹುಡುಗ ತಲೆಮರೆಸಿಕೊಂಡವನು ಹೇಗೆ ಆಗುತ್ತಾನೆ ಅಂತ ನೀವು ಕೇಳಬಹುದು. ಆಗುತ್ತಾನೆ ಸರ್. ನಮ್ಮ ಸಾಫ್ಟ್‌ವೇರಿನಲ್ಲಿ ಬಿಟ್ಟುಹೋದವರಿಗೆ ನಾಲ್ಕೈದು ಬಗೆ ಇರುತ್ತದೆ, ಒಂದನ್ನು ಆರಿಸಬೇಕು ಅಷ್ಟೆ. ಯಾವುದನ್ನು ಆರಿಸುವುದು ಅನ್ನುವುದು ಮ್ಯಾನೇಜರಿನ ಸಿಟ್ಟಿನ ಮೇಲೆ ಇರುತ್ತದೆ.

ಇಲ್ಲಿ ಒಂದು ಆಟ ಇದೆ. ಒಳಗಿದ್ದಾಗ ನನಗೆ ಕಾಣಲಿಲ್ಲ, ಹೊರಗೆ ಬಂದಮೇಲೆ ಕಂಡಿತು. ಪಿಎಫ್, ಇಎಸ್‌ಐ ಕೇಳಿದರೆ ಇಂಟರ್ನ್ ಅಂದರೆ ವಿದ್ಯಾರ್ಥಿ ಕಣಪ್ಪ, ಕಲಿಯಲು ಬಂದವನು. ರಜೆ ಕೇಳಿದರೂ ವಿದ್ಯಾರ್ಥಿ. ಆದಾಯ ತೆರಿಗೆ ಲೆಕ್ಕ ಬಂದಾಗ ಶೇ 10 ಹಿಡಿದು ವೃತ್ತಿಪರ ಸೇವೆಯ ಶುಲ್ಕ ಅಂತ ತೋರಿಸುತ್ತಾರೆ, ಅಂದರೆ ಡಾಕ್ಟರು ವಕೀಲರ ಸಾಲಿನಲ್ಲಿ ಅವನೂ ಒಬ್ಬ. ಬಿಟ್ಟು ಹೋಗುತ್ತೇನೆ ಅಂದ ಕೂಡಲೇ ಅವನು ನೌಕರ! ನೋಟಿಸ್ ಪೀರಿಯಡ್ಡು, ಬಾಂಡು, ಕಂಪನಿಗಾದ ನಷ್ಟ, ಎಲ್ಲವೂ ಅವನ ತಲೆಗೆ. ನೌಕರನ ಒಂದು ಹಕ್ಕೂ ಕೊಡದವರು ನೌಕರನ ಎಲ್ಲ ಹೊಣೆಯನ್ನೂ ಹೊರಿಸುತ್ತಾರೆ.

ಸಿಬಿಲ್ ವಿಷಯ ಶುದ್ಧ ಸುಳ್ಳು. ಕ್ರೆಡಿಟ್ ಮಾಹಿತಿ ಕಂಪನಿಗಳ ಕಾಯ್ದೆ ಬಂದದ್ದು 2005ರಲ್ಲಿ. ಅದರ ಪ್ರಕಾರ ಸಿಬಿಲ್‌ನಂಥ ಸಂಸ್ಥೆಗೆ ಮಾಹಿತಿ ಕೊಡುವುದು ಬ್ಯಾಂಕು, ಫೈನಾನ್ಸ್ ಕಂಪನಿಗಳಂಥ ಸಾಲ ಕೊಡುವವರು. ಸಾಫ್ಟ್‌ವೇರ್ ಕಂಪನಿಯ ಎಚ್‌ಆರ್‌ಗೆ ಅಲ್ಲಿ ಕೈಯಾಡಿಸಲು ಬರುವುದಿಲ್ಲ. ಇದು ನನಗೆ ಆಗಲೂ ಗೊತ್ತಿತ್ತು. ನಮ್ಮ ಜೊತೆಗಿದ್ದವರಿಗೂ ಗೊತ್ತಿತ್ತು. ಆದರೂ ಫೋನಿನಲ್ಲಿ ಹೇಳುತ್ತಿದ್ದೆವು. ಬರೆದು ಮಾತ್ರ ಕೊಡುತ್ತಿರಲಿಲ್ಲ.

ಬಾಂಡಿನ ಕತೆ ಅಷ್ಟು ಸರಳ ಅಲ್ಲ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ನಮ್ಮ ಕರಾರು ಕಾಯ್ದೆ 1872ರದ್ದು. ಅದರ 74ನೇ ಕಲಮು ಹೇಳುವುದು ಇಷ್ಟು: ಒಪ್ಪಂದದಲ್ಲಿ ಎಷ್ಟೇ ದೊಡ್ಡ ಮೊತ್ತ ಬರೆದುಕೊಂಡಿರಿ, ಕೋರ್ಟು ಕೊಡಿಸುವುದು ನ್ಯಾಯವಾದ ಪರಿಹಾರ ಮಾತ್ರ. ಬರೆದ ಮೊತ್ತ ಮೇಲಿನ ಮಿತಿ, ಸಿಕ್ಕೇ ಸಿಗುವ ಹಣ ಅಲ್ಲ. ಎರಡು ವಾರ ಯೂಟ್ಯೂಬ್ ತೋರಿಸಿದ್ದಕ್ಕೆ ಒಂದೂವರೆ ಲಕ್ಷ ಖರ್ಚಾಯಿತು ಅಂತ ನ್ಯಾಯಾಧೀಶರ ಮುಂದೆ ಹೇಳಲು ಯಾವ ಕಂಪನಿಗೆ ಬಾಯಿ ಬರುತ್ತದೆ? ಅದಕ್ಕೇ ಯಾರೂ ಕೋರ್ಟಿಗೆ ಹೋಗುವುದಿಲ್ಲ. ನನ್ನ ಒಂಬತ್ತು ವರ್ಷದಲ್ಲಿ ನಾನಿದ್ದ ಕಡೆ ಇಂಟರ್ನ್ ಮೇಲೆ ಒಂದೇ ಒಂದು ಕೇಸು ಹಾಕಲಿಲ್ಲ. ಪತ್ರಗಳು ಮಾತ್ರ ಹೋಗುತ್ತಲೇ ಇದ್ದವು. ಪತ್ರಕ್ಕೆ ಹೆದರಿ ಒಂದಷ್ಟು ಜನ ದುಡ್ಡು ಕಟ್ಟಿದರು. ಅದನ್ನು ಲೆಕ್ಕದಲ್ಲಿ 'ಇತರೆ ಆದಾಯ' ಅಂತ ಬರೆದದ್ದು ನನಗೆ ಚೆನ್ನಾಗಿ ನೆನಪಿದೆ.

ಈಗ ಎಚ್‌ಆರ್ ಗೆಳೆಯರು ಒಂದು ತೀರ್ಪು ತೋರಿಸುತ್ತಾರೆ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ವಿಜಯಾ ಬ್ಯಾಂಕಿನ ಪರವಾಗಿ ಕೊಟ್ಟ ತೀರ್ಪು. ನಮ್ಮದೇ ನೆಲದ ಬ್ಯಾಂಕು, 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ್ದು, 2019ರಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನ ಆಯಿತು. ಆ ಕೇಸು ಹೋದದ್ದೂ ಕರ್ನಾಟಕ ಹೈಕೋರ್ಟಿನಿಂದಲೇ. ಮೂರು ವರ್ಷ ಇರಬೇಕು, ಇಲ್ಲದಿದ್ದರೆ ಎರಡು ಲಕ್ಷ ಕೊಡಬೇಕು ಅನ್ನುವ ಷರತ್ತು. ಹೈಕೋರ್ಟು ಅಧಿಕಾರಿಯ ಪರ ಹೇಳಿತ್ತು, ಸುಪ್ರೀಂ ಕೋರ್ಟು ಅದನ್ನು ಬದಲಾಯಿಸಿ ಷರತ್ತು ಸರಿ ಅಂದಿತು. 'ನೋಡಿ, ಬಾಂಡಿಗೆ ಈಗ ಸುಪ್ರೀಂ ಕೋರ್ಟೇ ಸೀಲು ಒತ್ತಿದೆ' ಅಂತ ಗ್ರೂಪುಗಳಲ್ಲಿ ಓಡಾಡಿತು.

ಪೂರ್ತಿ ಓದಿದವರು ಎಷ್ಟು ಜನವೋ. ಅಲ್ಲಿ ಇದ್ದವರು ಸೀನಿಯರ್ ಮ್ಯಾನೇಜರ್ ದರ್ಜೆಯ ಅಧಿಕಾರಿ. ಒಳ್ಳೆಯ ಸಂಬಳ ಇತ್ತು. ಆ ಸಂಬಳಕ್ಕೆ ಹೋಲಿಸಿದರೆ ಎರಡು ಲಕ್ಷ ರಾಜೀನಾಮೆಯನ್ನೇ ತಡೆಯುವಷ್ಟು ದೊಡ್ಡ ಮೊತ್ತ ಅಲ್ಲ ಅನ್ನುವುದು ಕೋರ್ಟಿನ ಒಂದು ಮುಖ್ಯ ಮಾತು. ಸರ್ಕಾರಿ ಬ್ಯಾಂಕು ಎಲ್ಲರಿಗೂ ತೆರೆದ ನೇಮಕಾತಿ ಮಾಡಬೇಕು, ಅದಕ್ಕೆ ಖರ್ಚು ಆಗುತ್ತದೆ ಅನ್ನುವುದು ಇನ್ನೊಂದು. ಈ ಎರಡರಲ್ಲಿ ಯಾವುದು ನಮ್ಮ ಹುಡುಗನಿಗೆ ಹೊಂದುತ್ತದೆ? ತಿಂಗಳಿಗೆ 10,800 ಕೈಗೆ ಬರುವವನಿಗೆ ಒಂದೂವರೆ ಲಕ್ಷ ಅಂದರೆ ಸುಮಾರು 14 ತಿಂಗಳ ದುಡ್ಡು. ಅವನು ಇದ್ದದ್ದೇ ಹನ್ನೊಂದು ವಾರ.

ಎಲ್ಲಕ್ಕಿಂತ ನನಗೆ ಭಯ ಇದ್ದದ್ದು ಆ ಖಾಲಿ ಚೆಕ್ಕಿನದು. ಬಾಂಡಿನ ಹಣ ಬೇಕಾದರೆ ಕಂಪನಿ ನಷ್ಟ ತೋರಿಸಬೇಕು. ಚೆಕ್ಕು ಬೌನ್ಸಾದರೆ ಲೆಕ್ಕವೇ ಬೇರೆ. ಸಾಲಕ್ಕೇ ಕೊಟ್ಟ ಚೆಕ್ಕು ಅಂತ ಕಾನೂನು ಮೊದಲೇ ನಂಬಿಕೊಳ್ಳುತ್ತದೆ. ಅಲ್ಲ ಅಂತ ತೋರಿಸುವ ಹೊಣೆ ಸಹಿ ಹಾಕಿದವರ ಮೇಲೆ. ತಪ್ಪು ಅಂತಾದರೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ಚೆಕ್ಕಿನ ಎರಡರಷ್ಟರವರೆಗೆ ದಂಡ, ಇಲ್ಲವೇ ಎರಡೂ. ಇಲ್ಲಿ ಸಹಿ ಯಾರದ್ದು? ಕಂಪನಿಯ ಬಾಗಿಲನ್ನೂ ನೋಡದ ಭಾವನದ್ದು. ತೋಟದಲ್ಲಿ ಗೊಬ್ಬರ ಹಾಕಿಸುತ್ತಿದ್ದಾಗ ಮಗ ಫೋನ್ ಮಾಡಿ, ಎಲ್ಲರೂ ಕೊಡ್ತಿದಾರಪ್ಪ ಅಂದನಂತೆ. ಕೈ ತೊಳೆದುಕೊಂಡು ಬಂದು ಸಹಿ ಹಾಕಿ ಬಸ್ಸಿನವರ ಕೈಲಿ ಕಳಿಸಿದರು.

ಕಂಪನಿಗಳ ಕಡೆಯಿಂದಲೂ ಒಂದು ಮಾತು ಹೇಳದಿದ್ದರೆ ತಪ್ಪಾಗುತ್ತದೆ. ಹನ್ನೆರಡು ಜನರ ಸ್ಟಾರ್ಟಪ್ಪಿನಲ್ಲಿ ಒಬ್ಬ ಸೀನಿಯರ್ ದಿನಕ್ಕೆ ಎರಡು ಗಂಟೆ ಕೂತು ಇಂಟರ್ನ್‌ಗೆ ಕಲಿಸಿದರೆ ಅದು ನಿಜವಾದ ಖರ್ಚು. ಕಲಿತ ಮರುವಾರ ಅವನು ಹೋದರೆ ಹೊಟ್ಟೆ ಉರಿಯುತ್ತದೆ. ನಾನಿದ್ದ ಕಡೆ ಒಬ್ಬಳು ಸೋಮವಾರ ಕ್ಲೈಂಟ್ ಡೆಮೊ ಇದೆ ಅಂದರೆ ಶುಕ್ರವಾರ ಸಂಜೆ ಲ್ಯಾಪ್‌ಟಾಪನ್ನು ಪಿಜಿಯ ವಾಚ್‌ಮನ್ ಕೈಗೆ ಕೊಟ್ಟು ಊರಿಗೆ ಹೋಗಿದ್ದಳು. ಫೋನೂ ಎತ್ತಲಿಲ್ಲ. ಭಾನುವಾರ ನಾನೇ ಆಟೊ ಮಾಡಿಕೊಂಡು ಮಡಿವಾಳಕ್ಕೆ ಹೋಗಿ ಅದನ್ನು ತಂದೆ. ಚಾರ್ಜರ್ ಇರಲಿಲ್ಲ. ಅಂಥವರಿಗೆ ಬುದ್ಧಿ ಹೇಳಬೇಕು, ನಿಜ. ಹದಿನೈದು ದಿನ ಮೊದಲು ಹೇಳಿ ಅನ್ನುವುದು ನ್ಯಾಯ. ಕೈಯಲ್ಲಿರುವ ಕೆಲಸವನ್ನು ಇನ್ನೊಬ್ಬರಿಗೆ ಒಪ್ಪಿಸಿ ಹೋಗಿ ಅನ್ನುವುದೂ ನ್ಯಾಯ. ಆದರೆ ಆ ಒಬ್ಬಳ ಹೆಸರು ಹೇಳಿಕೊಂಡು ಆಮೇಲೆ ಬಂದವರೆಲ್ಲರ ಹತ್ತಿರ ಚೆಕ್ಕು ಇಸಿದುಕೊಂಡೆವಲ್ಲ, ಅದು ನ್ಯಾಯ ಅಲ್ಲ.

ಇನ್ನು ಸರ್ಟಿಫಿಕೇಟಿನ ವಿಷಯ. ನನ್ನ ಪ್ರಕಾರ ಇಡೀ ಪತ್ರದ ಗಂಟು ಇರುವುದೇ ಇಲ್ಲಿ.

ನೋಟಿಸಿಗೆ ಉತ್ತರ ಬರೆಯುವುದು ಕಷ್ಟ ಆಗಲಿಲ್ಲ. ಪರಿಚಯದ ವಕೀಲರೊಬ್ಬರು ಒಂದು ಪುಟ ಬರೆದುಕೊಟ್ಟರು, ಕಂಪನಿಯ ವಕೀಲರು ಆಮೇಲೆ ಸುದ್ದಿ ಎತ್ತಲಿಲ್ಲ. ಆದರೆ ಹುಡುಗನಿಗೆ ಬೇಕಾಗಿದ್ದದ್ದು ಒಂದು ಕಾಗದ. 'ಇಂಥವನು ಇಂಥ ದಿನದಿಂದ ಇಂಥ ದಿನದವರೆಗೆ ನಮ್ಮಲ್ಲಿ ಇದ್ದ' ಅಂತ. ಹನ್ನೊಂದು ವಾರ ನಿಜಕ್ಕೂ ದುಡಿದಿದ್ದಾನೆ, ಬಯೊಮೆಟ್ರಿಕ್‌ನಲ್ಲಿ ಬೆರಳು ಒತ್ತಿದ್ದಾನೆ. ಅಷ್ಟನ್ನು ಬರೆದುಕೊಡಿ, ಉಳಿದ ವಾರಗಳಿಗೆ ಬೇರೆ ದಾರಿ ನೋಡಿಕೊಳ್ಳುತ್ತೇವೆ ಅಂದೆವು. ಆಗಲ್ಲ ಅಂದರು. ಪೂರ್ತಿ ಮಾಡಿದವರಿಗೆ ಮಾತ್ರ ಸರ್ಟಿಫಿಕೇಟ್, ಅದು ಕಂಪನಿ ಪಾಲಿಸಿ. ಇತ್ತ ಕಾಲೇಜಿನಲ್ಲಿ "ಲೆಟರ್ ತಗೊಂಡು ಬಾಪ್ಪ, ಲೆಟರ್ ಇಲ್ಲದೆ ನಾವೇನೂ ಮಾಡಕ್ಕಾಗಲ್ಲ" ಅಂದರು. ಅವರ ತಪ್ಪೂ ಅಲ್ಲ.

ನನ್ನ ಸಿಟ್ಟು ಎಲ್ಲಿ ಏರಿತು ಹೇಳಲಾ? ಅವನ ಕ್ಲಾಸಿನ ಒಬ್ಬ ಹುಡುಗ ಮನೆಯಲ್ಲೇ ಇದ್ದುಕೊಂಡು, ಯಾವುದೋ ಒಂದು ಕಂಪನಿಗೆ ದುಡ್ಡು ಕಟ್ಟಿ, ಬಣ್ಣದ ಸರ್ಟಿಫಿಕೇಟು ತರಿಸಿಕೊಂಡಿದ್ದ. ಹೊಲೊಗ್ರಾಮ್ ಬೇರೆ. ಎಂಜಿನಿಯರಿಂಗ್ ಕಾಲೇಜುಗಳ ಸುತ್ತಮುತ್ತ ಇಂಥ ಅಂಗಡಿ ನಡೆಯುವುದು ಯಾರಿಗೆ ಗೊತ್ತಿಲ್ಲ ಹೇಳಿ. ಒಂದು ದಿನವೂ ಹೋಗದವನ ಹತ್ತಿರ 16 ವಾರದ ಕಾಗದ ಇದೆ. ಹನ್ನೊಂದು ವಾರ ಬೆಳಿಗ್ಗೆ ಸಿಲ್ಕ್ ಬೋರ್ಡಿನ ಟ್ರಾಫಿಕ್ಕಿನಲ್ಲಿ ನಿಂತವನ ಹತ್ತಿರ ಏನೂ ಇಲ್ಲ.

ಸರ್ಟಿಫಿಕೇಟು ಕಂಪನಿ ಕೊಡುವ ಬಹುಮಾನ ಅಲ್ಲ. ಹಾಜರಿ ಪುಸ್ತಕದ ನಕಲು. ಚೆನ್ನಾಗಿ ಮಾಡಿದ ಅಂತ ಬರೆಯಲು ಮನಸ್ಸಿಲ್ಲದಿದ್ದರೆ ಬರೆಯಬೇಡಿ. ಇದ್ದ ಅಂತ ಬರೆಯಿರಿ. ಇದ್ದದ್ದು ಸತ್ಯ ತಾನೆ?

ಹುಡುಗನನ್ನು ಕರೆದುಕೊಂಡು ಒಂದು ಸರ್ಕಾರಿ ಕಚೇರಿಗೂ ಹೋಗಿದ್ದೆ. ಅಲ್ಲಿದ್ದವರು ಕೂರಿಸಿ, ಸಮಾಧಾನವಾಗಿ ಕೇಳಿದರು. ಎಂಪ್ಲಾಯೀ ಐಡಿ ಇದೆಯಾ? ಇಲ್ಲ, ಇಂಟರ್ನ್ ಐಡಿ. ಪೇ ಸ್ಲಿಪ್? ಇಲ್ಲ, ಸ್ಟೈಪೆಂಡಿನ ಮೆಸೇಜು ಇದೆ. ಅಪ್ರೆಂಟಿಸ್ ಒಪ್ಪಂದ ರಿಜಿಸ್ಟರ್ ಆಗಿದೆಯಾ? ಇಲ್ಲ. "ಹಂಗಾದ್ರೆ ಇವರನ್ನ ಯಾವ ಫಾರ್ಮಲ್ಲಿ ಬರ್ಕೊಳ್ಳಲಿ ಮೇಡಂ?" ಅಂದರು. ಅವರ ಪ್ರಶ್ನೆ ಸರಿಯಾಗಿಯೇ ಇತ್ತು. ನಿಮ್ಮ ಮುಂದೆ ಅದೇ ಪ್ರಶ್ನೆ ಇಡುತ್ತಿದ್ದೇನೆ.

ಪೀಣ್ಯದ ಒಂದು ಕಾರ್ಖಾನೆಗೆ ಐಟಿಐ ಮುಗಿಸಿದ ಹುಡುಗ ಅಪ್ರೆಂಟಿಸ್ ಆಗಿ ಹೋದರೆ ಅವನಿಗೆ 1961ರ ಅಪ್ರೆಂಟಿಸ್ ಕಾಯ್ದೆ ಇದೆ. ಒಪ್ಪಂದ ಸರ್ಕಾರದಲ್ಲಿ ನೋಂದಣಿ ಆಗಬೇಕು. ಸ್ಟೈಪೆಂಡ್ ಇಷ್ಟಕ್ಕಿಂತ ಕಡಿಮೆ ಕೊಡುವಂತಿಲ್ಲ. 2019ರಲ್ಲಿ ಓದಿನ ಮಟ್ಟ ನೋಡಿ 5,000ದಿಂದ 9,000 ಅಂತ ಕನಿಷ್ಠ ಗೊತ್ತುಮಾಡಿದ್ದರು. ಮಧ್ಯದಲ್ಲಿ ಒಪ್ಪಂದ ಮುರಿಯಬೇಕಾದರೆ ಅಪ್ರೆಂಟಿಸ್‌ಶಿಪ್ ಸಲಹೆಗಾರರ ಹತ್ತಿರ ಅರ್ಜಿ ಹಾಕಬೇಕು. ತಪ್ಪು ಮಾಲೀಕನದಾದರೆ ಮಾಲೀಕ ಪರಿಹಾರ ಕೊಡಬೇಕು, ಹುಡುಗನದಾದರೆ ಹುಡುಗ ತರಬೇತಿ ಖರ್ಚು ಕಟ್ಟಬೇಕು. ಎರಡು ಕಡೆಯನ್ನೂ ನೋಡುವ ಮೂರನೆಯವರು ಒಬ್ಬರು ಇದ್ದಾರೆ. ನಾಲ್ಕು ವರ್ಷ ಎಂಜಿನಿಯರಿಂಗ್ ಓದಿ ಕೋರಮಂಗಲಕ್ಕೆ ಬಂದವನಿಗೆ ಆ ಮೂರನೆಯವರಿಲ್ಲ. ಒಂದು ಕಡೆ ಕಂಪನಿ, ಇನ್ನೊಂದು ಕಡೆ ಇವನು. ಮಧ್ಯದಲ್ಲಿ ನೂರು ರೂಪಾಯಿಯ ಛಾಪಾ ಕಾಗದ.

ಹೊಸ ವೇತನ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಕೆಲಸ ಬಿಟ್ಟವರಿಗೆ ಎರಡು ಕೆಲಸದ ದಿನದೊಳಗೆ ಬಾಕಿ ಸಂಬಳ ಕೊಡಬೇಕು ಅನ್ನುತ್ತದೆ. ಓದಿ ಖುಷಿಯಾಯಿತು. ಆದರೆ ಸ್ಟೈಪೆಂಡ್ ಸಂಬಳ ಅಲ್ಲ, ಇಂಟರ್ನ್ ನೌಕರ ಅಲ್ಲ ಅಂತ ಕಂಪನಿ ಅಂದರೆ ಮತ್ತೆ ಅದೇ ಫಾರ್ಮಿನ ಪ್ರಶ್ನೆ. ನಮ್ಮ ಹುಡುಗನ ಕೊನೆಯ 19 ದಿನದ ಸ್ಟೈಪೆಂಡ್ ಇವತ್ತಿಗೂ ಬಂದಿಲ್ಲ.

ದೊಡ್ಡ ಕಾಯ್ದೆ ಮಾಡಿ ಅಂತ ನಾನು ಕೇಳುತ್ತಿಲ್ಲ. ಕಾಯ್ದೆ ಅಂದರೆ ಕರಡು, ಆಕ್ಷೇಪಣೆ, ಆಮೇಲೆ ಉದ್ಯಮದವರ ನಿಯೋಗ. ಅಷ್ಟರಲ್ಲಿ ಈ ಹುಡುಗರಿಗೆ ಮದುವೆ ಆಗಿರುತ್ತದೆ. ಉನ್ನತ ಶಿಕ್ಷಣ ಇಲಾಖೆಯ ಜೊತೆ ಕೂತು ಒಂದು ಪುಟದ ಸುತ್ತೋಲೆ ಹೊರಡಿಸಿದರೆ ಸಾಕು. ಇಂಟರ್ನ್‌ನಿಂದ ಅಸಲು ಮಾರ್ಕ್ಸ್ ಕಾರ್ಡು, ಚೆಕ್ಕು ಇಸಿದುಕೊಳ್ಳುವಂತಿಲ್ಲ. ಎಷ್ಟು ದಿನ ಇದ್ದನೋ ಅಷ್ಟು ದಿನದ ಕಾಗದ, ಅಷ್ಟು ದಿನದ ಸ್ಟೈಪೆಂಡ್, ಬಿಟ್ಟ ಏಳು ದಿನದೊಳಗೆ. ಕೊಡದ ಕಂಪನಿಗೆ ಮರುವರ್ಷ ಆ ಕಾಲೇಜಿನಿಂದ ಇಂಟರ್ನ್‌ಗಳು ಹೋಗುವುದಿಲ್ಲ. ದಂಡ, ಜೈಲು ಯಾವುದೂ ಬೇಡ. ಕಡಿಮೆ ದುಡ್ಡಿಗೆ ಹುಡುಗರು ಸಿಗುವುದಿಲ್ಲ ಅಂದರೆ ಕಂಪನಿಗಳು ತಾವೇ ದಾರಿಗೆ ಬರುತ್ತವೆ. ಆ ಲೆಕ್ಕ ಹಾಕುತ್ತಿದ್ದವಳು ನಾನು, ನನ್ನನ್ನು ನಂಬಿ.

ಇದು ಹೊಸ ರೂಢಿಯೂ ಅಲ್ಲ. ಕಾಲೇಜು ಬಿಟ್ಟು ಹೋಗುವ ವಿದ್ಯಾರ್ಥಿಯ ಅಸಲು ದಾಖಲೆ ಇಟ್ಟುಕೊಳ್ಳಬೇಡಿ ಅಂತ ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) 2018ರಲ್ಲೇ ಕಾಲೇಜುಗಳಿಗೆ ಹೇಳಿದೆ. ಕಾಲೇಜಿಗೆ ಇಲ್ಲದ ಹಕ್ಕು ಕಂಪನಿಗೆ ಎಲ್ಲಿಂದ ಬಂತು? ಇನ್ನು ಐಟಿ ಕಂಪನಿಗಳಿಗೆ ಸ್ಥಾಯಿ ಆದೇಶಗಳ ಕಾಯ್ದೆಯಿಂದ (ಕೆಲಸದ ನಿಯಮಗಳನ್ನು ಬರೆದಿಡಬೇಕು ಅನ್ನುವ ಕಾಯ್ದೆ) ನಮ್ಮ ರಾಜ್ಯ ಸರ್ಕಾರವೇ 2014ರಲ್ಲಿ ಐದು ವರ್ಷ, 2019ರಲ್ಲಿ ಮತ್ತೈದು ವರ್ಷ ವಿನಾಯಿತಿ ಕೊಟ್ಟಿತು. ಸುಮ್ನೆ ಕೊಡಲಿಲ್ಲ, ಷರತ್ತು ಹಾಕಿತು. ಕುಂದುಕೊರತೆ ಸಮಿತಿ ಇರಬೇಕು, ಲೈಂಗಿಕ ಕಿರುಕುಳದ ದೂರು ಕೇಳುವ ಸಮಿತಿ ಇರಬೇಕು, ನೌಕರರನ್ನು ತೆಗೆದರೆ ಇಲಾಖೆಗೆ ತಿಳಿಸಬೇಕು. ನಾನು ಕೂಡ ಅಂಥ ಒಂದು ಕುಂದುಕೊರತೆ ಸಮಿತಿಯಲ್ಲಿ ಇದ್ದೆ. ಒಮ್ಮೆ ಇಂಟರ್ನ್ ಒಬ್ಬಳು ಅರ್ಜಿ ತಂದಾಗ 'ಇದು ನೌಕರರಿಗೆ ಮಾತ್ರ' ಅಂತ ವಾಪಸ್ ಕಳಿಸಿದೆವು. ಅದೇ ತಿಂಗಳು ಅವಳು ಬಿಟ್ಟಳು. ಅವಳಿಗೂ ಆ ಪತ್ರ ಹೋಯಿತು. ನಾನೇ ಕಳಿಸಿದ್ದು.

ಈಗಲೂ ಎಚ್‌ಆರ್ ಕೆಲಸದಲ್ಲಿರುವ ಗೆಳೆಯ ಗೆಳತಿಯರು ಇದನ್ನು ಓದಿದರೆ ಅವರಿಗೂ ಒಂದು ಮಾತು. ನಮ್ಮ ಕೈ ಕಟ್ಟಿರುತ್ತಾರೆ, ಗೊತ್ತು. ಫೌಂಡರ್ ಹೇಳಿದ ಮೇಲೆ ಪತ್ರ ಕಳಿಸದೆ ವಿಧಿ ಇಲ್ಲ, ಅದೂ ಗೊತ್ತು. ಆದರೆ ಆ ಫೈಲಿನಲ್ಲಿ ವಿಳಾಸದ ಜಾಗ ಒಂದು ಇರುತ್ತಲ್ಲ, ಅಲ್ಲಿ ಹುಡುಗನ ಪಿಜಿಯ ವಿಳಾಸ ಹಾಕಬಹುದು, ಊರಿನ ವಿಳಾಸವನ್ನೂ ಹಾಕಬಹುದು. ಊರಿನದ್ದೇ ಹಾಕಿ ಅಂತ ನಮಗೆ ಕಲಿಸಿದವರು ಯಾರು? ನನಗೆ ನನ್ನ ಸೀನಿಯರ್ ಕಲಿಸಿದಳು. "ಪೇರೆಂಟ್ಸ್‌ಗೆ ಹೋದ್ರೆ ಬೇಗ ಸೆಟಲ್ ಆಗತ್ತೆ" ಅಂದಿದ್ದಳು. ನಾನು ಇನ್ನಿಬ್ಬರಿಗೆ ಕಲಿಸಿದೆ. ಅಕ್ಕನ ಮನೆಗೆ ಬಂದ ನೋಟಿಸಿನ ಹಿಂದೆ ಇದ್ದ ಕಂಪನಿಯ ಪತ್ರ ಓದುವಾಗ, ಅದರ ಮೂರನೇ ಪ್ಯಾರಾ ನನಗೆ ಬಾಯಿಪಾಠ ಇತ್ತು. ನಾನು ಬರೆದದ್ದೇ ಇರಲಿಕ್ಕಿಲ್ಲ. ಟೆಂಪ್ಲೇಟುಗಳು ನಮ್ಮ ಜೊತೆಗೇ ಕಂಪನಿಯಿಂದ ಕಂಪನಿಗೆ ಹೋಗುತ್ತವೆ, ಅಲ್ವಾ.

ಕೊನೆಗೆ ಏನಾಯಿತು ಅಂದರೆ, ಹುಡುಗ ಕಾಲೇಜಿನ ಮೇಷ್ಟ್ರೊಬ್ಬರ ಕೈಕೆಳಗೆ ಮತ್ತೆ ಮೊದಲಿನಿಂದ 14 ವಾರ ಮಾಡಿ ಮುಗಿಸಿದ. ಹಳೆಯ ಹನ್ನೊಂದು ವಾರ ಲೆಕ್ಕಕ್ಕೆ ಬರಲಿಲ್ಲ. ಜೊತೆಯವರ ಫಲಿತಾಂಶ ಬಂದು ಅವರೆಲ್ಲ ಕೆಲಸಕ್ಕೆ ಸೇರುವಾಗ ಇವನಿನ್ನೂ ರಿಪೋರ್ಟ್ ಬರೆಯುತ್ತಿದ್ದ. ಮಾರ್ಕ್ಸ್ ಕಾರ್ಡು ಐದು ತಿಂಗಳ ಮೇಲೆ ಕೊರಿಯರ್‌ನಲ್ಲಿ ಬಂತು, ಮಡಚಿದ ಗುರುತಿನ ಸಮೇತ.

ಚೆಕ್ಕು ಬಂದಿಲ್ಲ. ಹುಡುಕುತ್ತಿದ್ದೇವೆ ಅಂತ ಮೇಲ್ ಬರೆದಿದ್ದಾರೆ. ಭಾವ ಈಗ ಹದಿನೈದು ದಿನಕ್ಕೊಮ್ಮೆ ತಿಪಟೂರಿಗೆ ಹೋಗಿ ಪಾಸ್‌ಬುಕ್ ಎಂಟ್ರಿ ಹಾಕಿಸಿಕೊಂಡು ಬರುತ್ತಾರೆ. ಮೊಬೈಲಿನಲ್ಲೇ ನೋಡಬಹುದು ಅಂದರೆ ಕೇಳುವುದಿಲ್ಲ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಮಾಜಿ ಎಚ್‌ಆರ್
ಬೆಂಗಳೂರು